ಹದಿನೇಳು ಗಜದ ಅಗಲ

ಪುಣೆಯವರಿಗೆ ನಿಯಮ ಬರೆಯುವ ಹುಚ್ಚು ಇವತ್ತು ನಿನ್ನೆಯದಲ್ಲ. ಸದಾಶಿವ ಪೇಠೆಯ ಹಳೆಯ ವಾಡೆಗಳ ಬಾಗಿಲಿಗೆ ಈಗಲೂ ಫಲಕ ನೇತಾಡುತ್ತದೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು, ಗೇಟಿನ ಎದುರು ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ಬಿಡಲಾಗುವುದು, ಪಕ್ಕದ ಮನೆಯವರ ವಿಳಾಸ ಇಲ್ಲಿ ಕೇಳಬಾರದು. ಹೊರಗಿನವರು ಓದಿ ನಗುತ್ತಾರೆ. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಕ್ಕವಳೇ. ಆಮೇಲೆ ಶಾಲೆಯಲ್ಲಿ ದೈಹಿಕ ಶಿಕ್ಷಣದ ಕೆಲಸ ಸಿಕ್ಕು, ಖೋಖೋದ ಪಂಚ, ಅಂದರೆ ಅಂಪೈರ್ ಪರೀಕ್ಷೆಗೆ ಓದಲು ಕೂತಾಗ ನಗು ನಿಂತಿತು. ಈ ಊರಿನ ಇದೇ ಹುಚ್ಚು ಜಗತ್ತಿಗೆ ಎರಡು ಆಟಗಳನ್ನು ಅಚ್ಚುಕಟ್ಟು ಮಾಡಿ ಕೊಟ್ಟಿದೆ. 1870ರ ದಶಕದಲ್ಲಿ ಇಲ್ಲಿನ ದಂಡಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಬ್ಯಾಡ್ಮಿಂಟನ್ನಿಗೆ ನಿಯಮ ಬರೆದರು. ಅದು ಸಾಹೇಬರ ಕೆಲಸ. ಇನ್ನೊಂದು ಊರಿನವರದೇ. 1914ರಲ್ಲಿ ಡೆಕ್ಕನ್ ಜಿಮಖಾನಾದ ಸಮಿತಿಯೊಂದು ಕೂತು ಖೋಖೋಗೆ ಮೊದಲ ನಿಯಮಗಳನ್ನು ಬರೆಯಿತು.

ಖೋಖೋದ ಚರಿತ್ರೆ ಬರೆಯುವವರು ಆಟಗಾರರ ಚರಿತ್ರೆ ಬರೆಯುತ್ತಾರೆ, ಪದಕಗಳ ಚರಿತ್ರೆ ಬರೆಯುತ್ತಾರೆ. ನನಗೆ ಬೇಕಾದದ್ದು ಬೇರೆ. ಒಬ್ಬಳು ಓಡುತ್ತಾಳೆ, ಒಬ್ಬಳು ಅಟ್ಟುತ್ತಾಳೆ, ನಡುವೆ ಎಂಟು ಜನ ಕೂತಿರುತ್ತಾರೆ. ಮುಟ್ಟಿದಳೋ ಇಲ್ಲವೋ ಎಂದು ಹೇಳಬೇಕಾದವನು ಎಲ್ಲಿ ನಿಲ್ಲಬೇಕು? ಬೆನ್ನಟ್ಟುವ ಆಟಗಳಿಗೆಲ್ಲ ಇದೇ ಮೂಲ ತೊಡಕು. ಓಟಗಾರ ಒಂದು ಕಡೆ ನಿಲ್ಲುವುದಿಲ್ಲ, ತೀರ್ಪು ಕೊಡುವವನಿಗೆ ಇರುವುದು ಎರಡೇ ಕಣ್ಣು.

ಜಿಮಖಾನಾ ಹುಟ್ಟಿದ್ದು 1906ರಲ್ಲಿ, ಮುಠಾ ನದಿಯ ಆಚೆ, ಲಕಡಿ ಪೂಲ್ ದಾಟಿದ ಮೇಲೆ. ಪೇಠೆಗಳ ಇಕ್ಕಟ್ಟಿನಿಂದ ಹೊರಬಂದ ವಕೀಲರು, ಮಾಸ್ತರರು, ಕಾಲೇಜು ಹುಡುಗರು ಅಲ್ಲಿ ಕ್ರಿಕೆಟ್, ಟೆನಿಸ್ ಜತೆಗೆ ಹುತೂತು, ಆಟ್ಯಾಪಾಟ್ಯಾ, ಖೋಖೋಗಳನ್ನೂ ಆಡಿದರು. ಓಡುವವರಿಗೇನೂ ಆ ಕಾಲದಲ್ಲಿ ಬರವಿರಲಿಲ್ಲ. ಜಿಮಖಾನಾದ ಓಟಗಳಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿ ಹುಡುಗರನ್ನು ಕಂಡೇ ದೊರಾಬ್ಜಿ ಟಾಟಾ ಅವರಿಗೆ ಭಾರತದಿಂದ ಒಲಿಂಪಿಕ್ಸಿಗೆ ತಂಡ ಕಳಿಸುವ ಹಂಬಲ ಹುಟ್ಟಿತು. 1920ರಲ್ಲಿ ಆಂಟ್‌ವರ್ಪಿಗೆ ಹೋದ ಆ ಸಣ್ಣ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೆಯವರಾಗಿ ಮುಟ್ಟಿದರು. ಫಡೆಪ್ಪನವರ ಓಟಕ್ಕೆ ತೀರ್ಪು ಹೇಳಲು ಕೊನೆಯಲ್ಲೊಂದು ಗೆರೆ, ಕೈಯಲ್ಲೊಂದು ಗಡಿಯಾರ ಸಾಕು. ಖೋಖೋದ ಓಟಗಾರನಿಗೆ ಕೊನೆಯ ಗೆರೆಯೇ ಇಲ್ಲ. ಅವನು ಎಲ್ಲಿ ಬೇಕಾದರೂ ಮುಗಿಯಬಹುದು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಹಾರಾಷ್ಟ್ರದಲ್ಲಿ ಹಿಂದೆ ರಥದ ಮೇಲೆ ಕೂತು ಆಡುತ್ತಿದ್ದ ಆಟವೇ ಖೋಖೋ ಆಯಿತೆಂದೂ, ಅಭಿಮನ್ಯು ಚಕ್ರವ್ಯೂಹದಲ್ಲಿ ತೋರಿದ್ದು ಇದೇ ಸುತ್ತೋಟವೆಂದೂ ಪಠ್ಯಪುಸ್ತಕಗಳಲ್ಲಿ ಬರೆದಿರುತ್ತಾರೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತವೆ. ನಾನು ನಂಬುವುದಿಲ್ಲ. ಕುದುರೆ ಕಟ್ಟಿದ ಗಾಡಿಗೂ, ಕೂತ ಇಬ್ಬರ ನಡುವಿನ ಸಂದಿಯಲ್ಲಿ ನುಸುಳಿ ಪಾರಾಗುವ ಹುಡುಗಿಗೂ ಏನು ನಂಟು? ಇನ್ನು ಅಭಿಮನ್ಯು: ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಅಂಥ ಓಟಗಾರನನ್ನು ಯಾವ ತರಬೇತುದಾರನೂ ಮೊದಲ ತುಕಡಿಯಲ್ಲಿ ಇಳಿಸುವುದಿಲ್ಲ. ಆದರೂ 18ರ ಒಳಗಿನ ಹುಡುಗರ ರಾಷ್ಟ್ರೀಯ ಪಂದ್ಯದಲ್ಲಿ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ವೀರ ಅಭಿಮನ್ಯು ಎಂದೇ ಹೆಸರು. ಇರಲಿ.

ಮೊದಲ ಕಾಲದ ಅಂಗಳ ಈಗಿನವರಿಗೆ ಗುರುತೇ ಸಿಗಲಿಕ್ಕಿಲ್ಲ. ಎರಡು ತುದಿಗೆ ಕಂಬಗಳಿರಲಿಲ್ಲ. ಕಂಬ ಇರಬೇಕಾದ ಜಾಗದಲ್ಲಿ ತಂಡದ ತೀರಾ ಹೊಸಬರನ್ನು ಕೂರಿಸುತ್ತಿದ್ದರು. ಓಡುವವರು ಅವರನ್ನೇ ಸುತ್ತು ಹಾಕಿ ಮತ್ತೊಂದು ಬದಿಗೆ ತಿರುಗುತ್ತಿದ್ದರು. ಆ ಹುಡುಗನ ಪಾಡನ್ನು ಒಂದು ಗಳಿಗೆ ನೆನೆಯಿರಿ: ಆಟ ಬಾರದೆಂದು ಮೂಲೆಗೆ ಕೂರಿಸಿದ್ದಾರೆ, ಎಲ್ಲರೂ ಅವನ ತಲೆ ಸವರಿಕೊಂಡೇ ಓಡುತ್ತಿದ್ದಾರೆ. ಪಂಚನ ಪಾಡು ಅದಕ್ಕಿಂತ ಕಷ್ಟದ್ದು. ಹೊಸಬ ಸ್ವಲ್ಪ ಹಿಂದೆ ಸರಿದು ಕೂತರೆ ಅಂಗಳವೇ ಒಂದಡಿ ಉದ್ದವಾಯಿತು, ಹೆದರಿ ಪಕ್ಕಕ್ಕೆ ಬಾಗಿದರೆ ನಡುಗೆರೆಯೇ ಸೊಟ್ಟ. 1919ರ ಹೊತ್ತಿಗೆ ಅಂಗಳಕ್ಕೆ ಅಳತೆ ಬಂತು. ಅದು ಚೌಕವಲ್ಲ, ಮೊಟ್ಟೆಯಾಕಾರ. ನಡುಗೆರೆ 44 ಗಜ ಉದ್ದ, ಅಂಗಳದ ಅಗಲ 17 ಗಜ.

ಮೊಟ್ಟೆಯಾಕಾರದ ಅಂಗಳದಲ್ಲಿ ತೀರ್ಪು ಹೇಳಿದವರ ಬಗ್ಗೆ ನನಗೆ ನಿಜಕ್ಕೂ ಮರುಕ. ಗಡಿ ಬಾಗಿದ್ದರೆ, ಎಲ್ಲಿ ನಿಂತರೂ ಅದರ ಉದ್ದಕ್ಕೆ ನೋಟ ಹಾಯುವುದಿಲ್ಲ. ನೇರ ಗೆರೆಯಾದರೆ ಅದರ ತುದಿಗೆ ನಿಂತು ಒಂದು ಕಣ್ಣು ಕಿರಿದು ಮಾಡಿದರೆ ಸಾಕು, ಹೆಬ್ಬೆರಳು ಹೊರಗೆ ಹೋದದ್ದೂ ಕಾಣುತ್ತದೆ. ಮುಂದೆ ಅಂಗಳ ಆಯತಾಕಾರಕ್ಕೆ ಬಂದದ್ದು ಆಟಗಾರರ ಅನುಕೂಲಕ್ಕೆ ಎಂದು ಹೇಳುವವರಿದ್ದಾರೆ. ನನಗೇನೋ ಅದರ ಹಿಂದೆ ಸೋತು ಸುಣ್ಣವಾದ ಯಾರೋ ಪಂಚನ ಗೊಣಗಾಟ ಇದ್ದಿರಬೇಕು ಅನ್ನಿಸುತ್ತದೆ.

ಆಮೇಲಿನ ಕಥೆ ಬೇಗ ಹೇಳಬಹುದು. 1924ರಲ್ಲಿ ಬರೋಡಾದ ಹಿಂದ್ ವಿಜಯ್ ಜಿಮಖಾನಾ ನಿಯಮಗಳನ್ನು ಅಚ್ಚು ಹಾಕಿಸಿತು. 1928ರಲ್ಲಿ ಹುಟ್ಟಿದ ಅಖಿಲ ಮಹಾರಾಷ್ಟ್ರ ಶಾರೀರಿಕ ಶಿಕ್ಷಣ ಮಂಡಳ ಅವನ್ನು ತಿದ್ದಿ 1935ರಲ್ಲಿ ಹೊಸ ಆವೃತ್ತಿ ತಂದಿತು. ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು ವಿಜಯವಾಡದಲ್ಲಿ, 1959-60ರಲ್ಲಿ. ಮರುವರ್ಷ ಕೊಲ್ಹಾಪುರದಲ್ಲಿ ಹೆಂಗಸರೂ ಆಡಿದರು. ಈ ನಡುವೆ ಹೊಸಬರ ಜಾಗದಲ್ಲಿ ಮರದ ಕಂಬ ನೆಟ್ಟರು. ಈಗಿನ ಅಳತೆಯಲ್ಲಿ ಅದರ ಎತ್ತರ 120ರಿಂದ 125 ಸೆಂಟಿಮೀಟರ್. ಒಂದು ಕಂಬದಿಂದ ಇನ್ನೊಂದಕ್ಕೆ 30 ಸೆಂಟಿಮೀಟರ್ ಅಗಲದ ನಡುಪಟ್ಟಿ, ಅದನ್ನು ಕತ್ತರಿಸುವ ಎಂಟು ಅಡ್ಡಪಟ್ಟಿ. ಎರಡೂ ಕೂಡುವ ಚೌಕಗಳಲ್ಲಿ ಎಂಟು ಜನ ಕೂರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳದು ಆ ಕಡೆ. ಒಂಬತ್ತನೆಯವಳು ಅಟ್ಟುತ್ತಾಳೆ. ಎದುರು ತಂಡದವರು ಮೂವರ ತುಕಡಿಯಾಗಿ ಒಳಗೆ ಬರುತ್ತಾರೆ. ಒಂದು ಪಾಳಿಗೆ 9 ನಿಮಿಷ.

ಹಳೆಯ ಅಳತೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೊಂದು ಸಂಗತಿ ಹೊಳೆಯಿತು. 1919ರ 44 ಗಜ ಎಂದರೆ ಸುಮಾರು 40 ಮೀಟರ್. ಅಡಿಗಳ ಕಾಲದ ನಿಯಮದಲ್ಲಿ ಅಂಗಳದ ಉದ್ದ 111 ಅಡಿ, ಅಂದರೆ 34 ಮೀಟರಿನ ಆಸುಪಾಸು. ಮೀಟರ್ ಬಂದ ಮೇಲೆ ಅದು 29 ಆಯಿತು, ಮತ್ತೆ 27ಕ್ಕೆ ಇಳಿಯಿತು. 2022ರಲ್ಲಿ ಶುರುವಾದ ಅಲ್ಟಿಮೇಟ್ ಖೋಖೋ ಲೀಗಿನ ಮ್ಯಾಟಿನಲ್ಲಿ 22. ನೂರು ವರ್ಷದಲ್ಲಿ ಉದ್ದ ಹೆಚ್ಚುಕಡಿಮೆ ಅರ್ಧವಾಯಿತು. ಅಗಲ? 17 ಗಜ ಎಂದರೆ 51 ಅಡಿ. ಅಡಿಯ ನಿಯಮದಲ್ಲೂ ಅದೇ 51. ಈಗ 16 ಮೀಟರ್, ಅಂದರೆ ಅರ್ಧ ಮೀಟರಿನಷ್ಟು ಹೆಚ್ಚಾಗಿದೆ ಅಷ್ಟೇ. ಉದ್ದವನ್ನು ಕತ್ತರಿಸಿ ಕತ್ತರಿಸಿ ಇಟ್ಟವರು ಅಗಲಕ್ಕೆ ಕೈ ಹಚ್ಚಲಿಲ್ಲ. ಓಡುವವಳಿಗೆ ತಿರುಗಲು, ಹುಸಿ ತೋರಿಸಿ ತಪ್ಪಿಸಿಕೊಳ್ಳಲು ನಡುಪಟ್ಟಿಯ ಎರಡೂ ಬದಿಗೆ ಎಂಟೆಂಟು ಮೀಟರ್ ಬೇಕು, ಅದಕ್ಕಿಂತ ಕಡಿಮೆಯಾದರೆ ಆಟ ಉಳಿಯುವುದಿಲ್ಲ ಎಂಬುದೊಂದು ಕಾರಣ. ಇನ್ನೊಂದನ್ನು ಪಂಚರೇ ಬಲ್ಲರು. ಎಂಟು ಮೀಟರ್ ಎಂಬುದು ಒಂದು ಜೊತೆ ಕಣ್ಣು ತಪ್ಪದೆ ಕಾಯಬಹುದಾದ ಅಗಲ.

ಧಾರವಾಡದಲ್ಲಿ ನಾವು ಆಡುವಾಗ ಈ ಲೆಕ್ಕವೆಲ್ಲ ಯಾರಿಗಿತ್ತು! ನಮ್ಮ ಡ್ರಿಲ್ ಮಾಸ್ತರರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಸೀಟಿ ಕೊರಳಿಗೆ ಇಳಿಬಿಟ್ಟು ಕೂರುತ್ತಿದ್ದರು. ನೆರಳು ಸರಿದಂತೆ ಕುರ್ಚಿ ಸರಿಯುತ್ತಿತ್ತು. ಆಟದ ಜೊತೆ ಅದು ಸರಿದದ್ದನ್ನು ನಾನು ಕಾಣೆ. "ಸರ, ಆಕಿ ಗೆರಿ ದಾಟ್ಯಾಳ್ರೀ!" ಎಂದು ನಾವು ಕೂಗಿಕೊಂಡರೆ, "ನನಗ ಕಾಣಲಿಲ್ಲವಾ, ಆಡ್ರಿ ಸುಮ್ನ" ಎಂಬ ಉತ್ತರ. ಕಾಣಲಿಲ್ಲ ಎಂದದ್ದು ನಿಜವೇ ಇರಬೇಕು. ಅಂಗಳದ ಒಂದು ಮೂಲೆಯಿಂದ ನೋಡಿದರೆ ಆಚೆಯ ಅರ್ಧ ಪೂರ್ತಿ ಕೂತವರ ಬೆನ್ನ ಹಿಂದೆ ಮರೆಯಾಗುತ್ತದೆ.

ಪುಣೆಯಲ್ಲಿ ಕಲಿತದ್ದೇ ಬೇರೆ. ಇಲ್ಲಿ ಮರಾಠಿಯಲ್ಲಿ ಅಂಪೈರಿಗೆ ಪಂಚ ಎನ್ನುತ್ತಾರೆ, ರೆಫರಿಗೆ ಸರಪಂಚ. ನಿಯಮದ ಪ್ರಕಾರ ಪಂಚರು ಇಬ್ಬರು, ಅವರ ಮೇಲೆ ಸರಪಂಚ ಒಬ್ಬ, ಜೊತೆಗೆ ಗಡಿಯಾರ ನೋಡುವವನೊಬ್ಬ, ಅಂಕ ಬರೆಯುವವನೊಬ್ಬ. ಅಂಗಳದ ಸುತ್ತ ಒಂದೂವರೆ ಮೀಟರ್ ಲಾಬಿ ಬಿಟ್ಟಿರುತ್ತಾರೆ. ಪಂಚ ಆ ಲಾಬಿಯ ಹೊರಗೆ, ತನಗೆ ಗೊತ್ತು ಮಾಡಿದ ಬದಿಯಲ್ಲಿ ನಿಲ್ಲಬೇಕು. ನಡುಪಟ್ಟಿ ಅಂಗಳವನ್ನು ಎರಡು ಪಾಲು ಮಾಡುತ್ತದಲ್ಲ, ಈಚೆಯ ಪಾಲು ಇವನದು, ಆಚೆಯದು ಅವನದು. ತನ್ನ ಪಾಲಿನಲ್ಲಿ ನಡೆದದ್ದಕ್ಕೆಲ್ಲ ತಾನೇ ತೀರ್ಪು ಹೇಳಬೇಕು, ಇನ್ನೊಬ್ಬನ ಪಾಲಿನಲ್ಲಿ ಅವನಿಗೆ ನೆರವಾಗಬೇಕು. ಇಬ್ಬರ ಮಾತು ಹೊಂದದಿದ್ದರೆ ಸರಪಂಚನ ಮಾತೇ ಕೊನೆ. ಔಟಾದರೆ ಸಣ್ಣ ಸೀಟಿ. ಫೌಲ್ ಆದರೆ, ಅಟ್ಟುವವಳು ನಿಯಮದಂತೆ ಹಿಂದಿರುಗುವವರೆಗೆ ಸೀಟಿ ನಿಲ್ಲಬಾರದು.

ಓದಲು ಇದು ಅಣ್ಣತಮ್ಮಂದಿರ ಹೊಲದ ಪಾಲಿನಂತೆ ಸರಳ, ನಿಂತು ನೋಡಿದವರಿಗೇ ಅದರ ಜಾಣತನ ತಿಳಿಯುವುದು. ಅಟ್ಟುವ ಕೆಲಸವನ್ನು ಕೂತವಳಿಗೆ ಒಪ್ಪಿಸುವ ಖೋ ಕೊಡುವುದು ಬೆನ್ನಿಗೆ. ನನ್ನ ಪಾಲಿನಲ್ಲಿ ಅಟ್ಟುತ್ತಿರುವವಳು ಖೋ ಕೊಡಬೇಕಾದರೆ ನನಗೆ ಬೆನ್ನು ಮಾಡಿ ಕೂತವಳಿಗೇ ಕೊಡಬೇಕು. ಅವಳು ಏಳುವುದು ಆಚೆಯ ಪಾಲಿಗೆ. ಅಂದರೆ ಪ್ರತಿಯೊಂದು ಖೋದಲ್ಲೂ ಅರ್ಧ ನನ್ನ ಕಣ್ಣಿಗೆ, ಅರ್ಧ ನನ್ನ ಜೊತೆಗಾರನ ಕಣ್ಣಿಗೆ. ಕೈ ಬೆನ್ನಿಗೆ ತಾಗಿತೇ, ತಾಗಿದಾಗಲೇ ಬಾಯಿಂದ ಖೋ ಬಂತೇ ಎಂಬುದನ್ನು ನಾನು ಕಾಣುತ್ತೇನೆ. ಕೂತವಳ ಮಂಡಿ ಖೋಗಿಂತ ಮೊದಲೇ ನೆಲ ಬಿಟ್ಟಿತೇ, ಎದ್ದವಳ ಹೆಜ್ಜೆ ನಡುಪಟ್ಟಿಯನ್ನು ತುಳಿಯಿತೇ ಎಂಬುದನ್ನು ಅವನು ಕಾಣುತ್ತಾನೆ. ಮುಂದಿನ ಖೋದಲ್ಲಿ ಇದೆಲ್ಲ ತಿರುವುಮುರುವು. ಒಂದು ಪಾಳಿಯ 9 ನಿಮಿಷದಲ್ಲಿ ಹೀಗೆ ಎಷ್ಟು ಸಲ ಅದಲುಬದಲಾಗುತ್ತದೋ ಎಣಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇಬ್ಬರನ್ನು ನಿಲ್ಲಿಸಿದ್ದು ಓಟ ದೊಡ್ಡದೆಂದಲ್ಲ. ಖೋ ಎಂಬ ಒಂದು ಕ್ರಿಯೆಗೇ ಎರಡು ಬದಿ ಇದೆ.

ನನಗೆ ಪಂಚಗಿರಿ ಹೇಳಿಕೊಟ್ಟ ಹಿರಿಯರೊಬ್ಬರಿದ್ದರು. ಹೊಸದರಲ್ಲಿ ಓಡುವವರ ಹಿಂದೆ ಲಾಬಿಯ ಪಕ್ಕ ಪಕ್ಕ ನಾನೂ ಓಡುತ್ತಿದ್ದೆ. ಎಲ್ಲ ಹೊಸಬರೂ ಹೀಗೇ. ಅವರು ಕರೆದು, "ಬಾಯಿ, ಪಾಯ ನಾಹೀ, ಡೋಳೆ ಪಳವಾ" ಎಂದರು. ಕಾಲಲ್ಲ, ಕಣ್ಣು ಓಡಲಿ. (ಇಲ್ಲಿ ಶಾಲೆಯ ಹೆಣ್ಣು ಮಾಸ್ತರರಿಗೆ ಬಾಯಿ ಎನ್ನುವುದು ಗೌರವ. ನಮ್ಮ ಕಡೆ ಅಕ್ಕೋರು ಎಂದ ಹಾಗೆ.) ಪಂಚ ಓಡತೊಡಗಿದರೆ ಅವನ ತಲೆ ಕುಲುಕುತ್ತದೆ, ತಲೆ ಕುಲುಕಿದರೆ ಸಣ್ಣ ಸ್ಪರ್ಶ ಕಾಣುವುದಿಲ್ಲ. ಕಂಬದ ಹತ್ತಿರ ಆಟ ಹೋದರೆ ನಾಲ್ಕು ಹೆಜ್ಜೆ ಆ ಕಡೆ ಸರಿಯಬಹುದು. ಅದೂ ಮೊದಲೇ ಸರಿದು, ಆಟ ಬರುವ ಹೊತ್ತಿಗೆ ನಿಂತಿರಬೇಕು.

ಎಲ್ಲಕ್ಕಿಂತ ಕಷ್ಟದ್ದು ನಡುಪಟ್ಟಿಯ ಫೌಲ್. ಅಟ್ಟುವವಳು ನಡುಪಟ್ಟಿ ದಾಟುವಂತಿಲ್ಲ, ಓಡುವವಳು ಎಷ್ಟು ಸಲ ಬೇಕಾದರೂ ದಾಟಬಹುದು. ಪಂಚ ನಿಂತಿರುವುದು ಪಟ್ಟಿಗೆ ಎದುರಾಗಿ, ಹತ್ತಿರ ಹತ್ತಿರ ಹತ್ತು ಮೀಟರ್ ದೂರದಲ್ಲಿ. ಕಾಲು ಬಲಕ್ಕೆ ಹೋಯಿತೋ ಎಡಕ್ಕೋ ಎಂಬುದು ಯಾರಿಗಾದರೂ ಕಂಡೀತು. ಒಂದು ಗೇಣು ಆಚೆ ಹೋಯಿತೋ ಈಚೆಯೇ ಉಳಿಯಿತೋ ಎಂಬುದು ಎದುರಿನಿಂದ ನೋಡುವವನಿಗೆ ಮಹಾ ಮೋಸ ಮಾಡುತ್ತದೆ. ಪಟ್ಟಿಯನ್ನು ನೋಡಬೇಡ, ಕೂತವರ ಹಿಮ್ಮಡಿ ನೋಡು ಎಂದು ಅದೇ ಹಿರಿಯರು ಕಲಿಸಿದರು. ಹಿಮ್ಮಡಿ ಚೌಕದ ಒಳಗಿರುತ್ತದೆ, ಅಟ್ಟುವವಳ ಪಾದ ಅದರ ಹಿಂದೆ ಮರೆಯಾದರೆ ದಾಟಿದಳೆಂದೇ ಅರ್ಥ. ನಿಯಮದ ಪುಸ್ತಕದಲ್ಲಿ ಹಿಮ್ಮಡಿಯ ಸುದ್ದಿಯೇ ಇಲ್ಲ. ಬರೆದದ್ದೆಲ್ಲ ಆಟಗಾರ ಏನು ಮಾಡಬೇಕು, ಪಂಚ ಎಲ್ಲಿ ನಿಲ್ಲಬೇಕು, ಹೇಗೆ ಸೀಟಿ ಊದಬೇಕು ಎಂಬುದು. ನೋಡುವ ವಿದ್ಯೆ ಬಾಯಿಂದ ಬಾಯಿಗೆ ಬಂದಿದೆ. ಎಲ್ಲದಕ್ಕೂ ಫಲಕ ಹಾಕುವ ಊರಿನಲ್ಲಿ ಇದೊಂದನ್ನು ಮಾತ್ರ ಯಾಕೆ ಬರೆದಿಡಲಿಲ್ಲವೋ!

ಅಟ್ಟುವವಳ ದಿಕ್ಕಿನದೂ ಇಂಥದೇ ಗೋಳು. ಒಮ್ಮೆ ಒಂದು ಕಂಬದ ಕಡೆ ತಿರುಗಿದಳೆಂದರೆ ಆ ಕಂಬದ ಗೆರೆ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ತಿರುಗಿದಳೋ ಇಲ್ಲವೋ ಎಂಬುದನ್ನು ಭುಜದಿಂದ ತಿಳಿಯಬೇಕು. ಓಡುವವಳು ಇದನ್ನೇ ಬಂಡವಾಳ ಮಾಡಿಕೊಳ್ಳುತ್ತಾಳೆ. ಎಡಕ್ಕೆ ಹೋಗುವವಳಂತೆ ಮಾಡಿ, ಅಟ್ಟುವವಳ ಭುಜ ಎಡಕ್ಕೆ ತಿರುಗಿಸಿ, ತಾನು ಬಲಕ್ಕೆ ಜಾರುತ್ತಾಳೆ. ಪಂಚನೂ ಓಡುವವಳ ಮೋಸಕ್ಕೆ ಬಲಿಯಾದರೆ ಫೌಲು ತಪ್ಪಿಹೋಯಿತು. ಹಾಗಾಗಿ ಪಂಚನ ನೋಟ ಅಟ್ಟುವವಳ ಮೇಲಿರಬೇಕು. ಜನವೆಲ್ಲ ಓಡುವವಳನ್ನು ನೋಡುತ್ತಾರೆ, ಪಂಚ ಮಾತ್ರ ಅವಳನ್ನು ಅಂಚುಗಣ್ಣಲ್ಲಿ ಇಟ್ಟುಕೊಂಡಿರುತ್ತಾನೆ.

ಈ ಅಭ್ಯಾಸ ಹೊತ್ತುಕೊಂಡು ನಾನು ಸಾಫ್ಟ್‌ಬಾಲ್ ಅಂಗಳಕ್ಕೆ ಹೋದಾಗ ತಮಾಷೆಯೇ ಆಯಿತು. ಶಾಲಾ ಕ್ರೀಡಾಕೂಟಗಳಲ್ಲಿ ಆ ಆಟವೂ ಇದೆ, ದೈಹಿಕ ಶಿಕ್ಷಕರೆಂದರೆ ಎಲ್ಲ ಆಟಕ್ಕೂ ಸಲ್ಲುವವರೆಂದು ಸಂಘಟಕರ ನಂಬಿಕೆ. 1887ರಲ್ಲಿ ಶಿಕಾಗೋದ ದೋಣಿ ಕ್ಲಬ್ಬೊಂದರ ಸಭಾಂಗಣದೊಳಗೆ ಜಾರ್ಜ್ ಹ್ಯಾನ್‌ಕಾಕ್ ಎಂಬುವರು ಹುಟ್ಟುಹಾಕಿದ ಆಟ ಅದು. ಅದರಲ್ಲಿ ರನ್‌ಡೌನ್ ಎಂಬುದೊಂದಿದೆ. ಓಡುವವಳು ಎರಡು ಬೇಸಿನ ನಡುವೆ ಸಿಕ್ಕಿಬೀಳುತ್ತಾಳೆ, ಎರಡೂ ತುದಿಯ ಫೀಲ್ಡರುಗಳು ಚೆಂಡನ್ನು ಅತ್ತಿಂದಿತ್ತ ಎಸೆಯುತ್ತ ಅವಳ ಜಾಗವನ್ನು ಕಿರಿದು ಮಾಡುತ್ತ ಬರುತ್ತಾರೆ. ಬೇಸಿನಿಂದ ಬೇಸಿಗೆ 18 ಮೀಟರಿಗೆ ತುಸು ಹೆಚ್ಚು. ಚೆಂಡು ಹಿಡಿದ ಕೈ ತಾಗಿತೇ, ತಪ್ಪಿಸಿಕೊಳ್ಳುವ ಭರದಲ್ಲಿ ಅವಳು ತನ್ನ ದಾರಿಯಿಂದ ಮೂರಡಿಗಿಂತ ಆಚೆ ಹೋದಳೇ, ಚೆಂಡಿಲ್ಲದ ಫೀಲ್ಡರ್ ದಾರಿಗೆ ಅಡ್ಡ ನಿಂತಳೇ, ಎಲ್ಲವನ್ನೂ ಒಟ್ಟಿಗೆ ನೋಡಬೇಕು.

ಅಲ್ಲಿಯೂ ಇಬ್ಬರು ಅಂಪೈರ್ ಇದ್ದರೆ ತುದಿಗೊಬ್ಬರು ಎಂದೇ ಪಾಠ. ಆದರೆ ಪಾಲು ಮೊದಲೇ ಆಗಿರುವುದಿಲ್ಲ. ಒಬ್ಬರು ಬ್ಯಾಟರ್ ಹಿಂದೆ ನಿಂತಿರುತ್ತಾರೆ, ಇನ್ನೊಬ್ಬರು ಬೇಸುಗಳ ಕಡೆ. ಸಿಕ್ಕಿಬಿದ್ದದ್ದು ಕಂಡ ಕೂಡಲೇ ದೂರದಲ್ಲಿರುವವರು ಓಡಿ ಬಂದು, ಈ ತುದಿ ನನ್ನದು ಎಂದು ಕೂಗಿ ಹೇಳಬೇಕು. ಓಡುವವಳ ಮುಖ ಯಾರ ಕಡೆಗೋ ತೀರ್ಪು ಅವರದು. ಅವಳು ತಿರುಗಿದರೆ ತೀರ್ಪೂ ತಿರುಗಿತು. ಎಸೆತದ ದಾರಿಗೆ ಅಡ್ಡ ಬರದೆ, ಓಡುವವಳ ಗೆರೆಗೆ ಸಮಾನಾಂತರವಾಗಿ ಪಕ್ಕದಲ್ಲಿ ಸರಿಯುತ್ತಿರಬೇಕು. ಜೊತೆಗಾರರು ಬಂದು ಸೇರುವವರೆಗೆ ಪೂರ್ತಿ 18 ಮೀಟರ್ ಒಬ್ಬರದೇ ತಲೆನೋವು.

ಎರಡನ್ನೂ ಮಾಡಿದವಳಾಗಿ ಹೇಳುತ್ತೇನೆ, ಖೋಖೋದ ಪದ್ಧತಿಯೇ ಮೇಲು. ಸಾಫ್ಟ್‌ಬಾಲ್ ಓಟಗಾರ್ತಿಯನ್ನು ಹಂಚಿಕೊಳ್ಳುತ್ತದೆ. ಅವಳು ಗಳಿಗೆಗೊಮ್ಮೆ ಮುಖ ತಿರುಗಿಸುವವಳು, ಅಂಪೈರುಗಳ ಪಾಲೂ ಗಳಿಗೆಗೊಮ್ಮೆ ಬದಲು. ಖೋಖೋ ನೆಲವನ್ನು ಹಂಚಿಕೊಂಡಿದೆ. ನೆಲ ಓಡಿಹೋಗುವುದಿಲ್ಲ. ಪಾಳಿ ಶುರುವಾಗುವ ಮೊದಲೇ ಇದು ನಿನ್ನದು, ಇದು ನನ್ನದು ಎಂದಾಗಿರುತ್ತದೆ, ಕೂಗಿ ಹೇಳಬೇಕಾದ್ದಿಲ್ಲ. ಒಂದೇ ವಿಷಯದಲ್ಲಿ ಸಾಫ್ಟ್‌ಬಾಲಿನವರಿಗೆ ಸೋಲುತ್ತೇನೆ. ಅವರಿಗೆ ಕೋನ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಕೈಗೂ ಮೈಗೂ ನಡುವಿನ ಸಂದು ಕಾಣುವಲ್ಲಿಗೆ ಎರಡು ಹೆಜ್ಜೆ ಸರಿದು ನಿಲ್ಲಬಹುದು. ಲಾಬಿಯ ಹೊರಗೆ ಕಟ್ಟುಬಿದ್ದ ನಮಗೆ ಅಟ್ಟುವವಳ ಬೆನ್ನೇ ಅವಳ ಕೈಯನ್ನು ಮುಚ್ಚುವುದುಂಟು. ಆಗ ಆಚೆಯ ಪಂಚನ ಮುಖ ನೋಡುತ್ತೇವೆ. ಅವನು ತಲೆ ಸ್ವಲ್ಪ ಅಲ್ಲಾಡಿಸಿದರೆ ಸೀಟಿ ಇಲ್ಲ.

ಹೆಣ್ಣು ಪಂಚರ ಸೀಟಿಗೆ ಬೆಲೆ ಬರಲು ಕೆಲಕಾಲ ಹಿಡಿಯಿತು ಎಂಬುದನ್ನೂ ಹೇಳಬೇಕು. ಗಂಡಸರ ಪಂದ್ಯಕ್ಕೆ ನಿಂತಾಗ ತರಬೇತುದಾರನೊಬ್ಬ ನನ್ನ ಪಾಲಿನ ತೀರ್ಪನ್ನು ಆಚೆಯ ಪಂಚನ ಹತ್ತಿರ ಹೋಗಿ ಕೇಳಿದ. ಆತ ಗಟ್ಟಿಗ, "ಅದು ಬಾಯಿಯವರ ಅರ್ಧ, ನನಗೆ ಕೇಳಬೇಡ" ಎಂದು ಬೆನ್ನು ತಿರುಗಿಸಿದ. ನೆಲ ಹಂಚಿಟ್ಟ ಹಳಬರಿಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

2022ರ ಆಗಸ್ಟ್ 14ರಂದು ಬಾಲೇವಾಡಿಯಲ್ಲಿ ಅಲ್ಟಿಮೇಟ್ ಖೋಖೋ ಲೀಗ್ ಶುರುವಾಯಿತು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಶಿವ ಛತ್ರಪತಿ ಕ್ರೀಡಾ ಸಂಕುಲ ಅದು. ಮಣ್ಣಿನ ಆಟ ಮ್ಯಾಟಿನ ಮೇಲೆ, ಝಗಮಗ ದೀಪದ ಕೆಳಗೆ. ಆರು ತಂಡ. ಅಂಗಳದಲ್ಲಿ ಒಂಬತ್ತರ ಬದಲು ಏಳು ಜನ, ಪಾಳಿಗೆ 7 ನಿಮಿಷ. ಮುಟ್ಟಿ ಔಟ್ ಮಾಡಿದರೆ 2 ಅಂಕ, ಜಿಗಿದು ಗಾಳಿಯಲ್ಲಿ ತೇಲಿ ಅಥವಾ ಕಂಬ ಹಿಡಿದು ಹಾರಿ ಔಟ್ ಮಾಡಿದರೆ 3. ವಜೀರ ಎಂಬ ಹೊಸ ಪಾತ್ರವೂ ಬಂತು, ಆತ ಅಟ್ಟುವಾಗ ಯಾವ ದಿಕ್ಕಿಗಾದರೂ ತಿರುಗಬಹುದು. ಭುಜ ನೋಡಿ ನೋಡಿ ಪಳಗಿದ ಪಂಚನಿಗೆ, ಈಗ ಅಟ್ಟುತ್ತಿರುವವನ ಭುಜ ನೋಡಬೇಕೋ ಬೇಡವೋ ಎಂಬುದೇ ಮೊದಲು ನೆನಪಾಗಬೇಕು. ಸೆಪ್ಟೆಂಬರ್ 4ರ ಫೈನಲ್ಲಿನಲ್ಲಿ ಒಡಿಶಾ ಜಗರ್‌ನಾಟ್ಸ್ ತೆಲುಗು ಯೋಧಾಸ್ ವಿರುದ್ಧ 46-45ರಲ್ಲಿ ಗೆದ್ದಿತು. ಒಂದೇ ಒಂದು ಅಂಕ. ಮುಟ್ಟಿದ್ದಕ್ಕೂ ಹಾರಿ ಮುಟ್ಟಿದ್ದಕ್ಕೂ ಇರುವ ವ್ಯತ್ಯಾಸವೂ ಅಷ್ಟೇ. ಹಿಂದೆ ಪಂಚ ಹೇಳಬೇಕಾದದ್ದು ತಾಗಿತೋ ಇಲ್ಲವೋ ಎಂದು. ಈಗ ಹೇಗೆ ತಾಗಿತು ಎಂಬುದನ್ನೂ ಹೇಳಬೇಕು. ಅದಕ್ಕೆಂದೇ ಕ್ಯಾಮೆರಾಗಳು ಬಂದಿವೆ, ಮರುನೋಟ ಕೇಳುವ ಹಕ್ಕು ಬಂದಿದೆ. ಕ್ಯಾಮೆರಾ ಎಷ್ಟಿದ್ದರೂ ಮ್ಯಾಟಿನ ಎರಡು ಬದಿಗೆ ಇಬ್ಬರು ನಿಂತೇ ಇರುತ್ತಾರೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು. 19ರಂದು ನಮ್ಮ ಹೆಂಗಸರು ನೇಪಾಳವನ್ನು 78-40ರಲ್ಲಿ, ಗಂಡಸರು ಅದೇ ನೇಪಾಳವನ್ನು 54-36ರಲ್ಲಿ ಸೋಲಿಸಿದರು. ಎರಡೂ ತಂಡದ ನಾಯಕರು, ಪ್ರಿಯಾಂಕಾ ಇಂಗ್ಳೆ ಮತ್ತು ಪ್ರತೀಕ್ ವಾಯಿಕರ್, ಪುಣೆಯ ಅಂಗಳಗಳಲ್ಲಿ ಬೆಳೆದವರು. ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಹೆಂಗಸರ ತಂಡದಲ್ಲಿ, ಎಂ.ಕೆ. ಗೌತಮ್ ಗಂಡಸರ ತಂಡದಲ್ಲಿ ಇದ್ದರು. ಟೀವಿ ಮುಂದೆ ಕೂತ ನಮ್ಮ ಮನೆಯಲ್ಲಿ ಪುಣೆಗೊಂದು ಚಪ್ಪಾಳೆ, ಕರ್ನಾಟಕಕ್ಕೊಂದು ಚಪ್ಪಾಳೆ ಎಂದು ಗಲಾಟೆ. ನಾನು ಮಾತ್ರ ಪರದೆಯ ಅಂಚಿಗೆ ಬಂದು ಬಂದು ಮರೆಯಾಗುತ್ತಿದ್ದ ಪಂಚರ ಕಾಲುಗಳನ್ನು ನೋಡುತ್ತಿದ್ದೆ. "ಅಜ್ಜಿ, ಆಟ ನೋಡು!" ಎಂದು ಮೊಮ್ಮಗಳು ಗದರಿದಳು.

ಪಂಚ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಈಗಲೂ ಆಗೀಗ ನನ್ನ ಹತ್ತಿರ ಬರುತ್ತಾರೆ. ನಿಯಮವೆಲ್ಲ ಅವರಿಗೆ ಬಾಯಿಗೆ ಬಂದಿರುತ್ತದೆ. ನಾನು ಕೇಳುವುದು ಒಂದೇ. ಅಟ್ಟುವವಳು ನಿನ್ನ ಅರ್ಧದಲ್ಲಿದ್ದಾಳೆ, ಮೂರನೆಯ ಚೌಕದವಳಿಗೆ ಖೋ ಕೊಡುತ್ತಾಳೆ, ಕೂತವಳು ಖೋಗಿಂತ ಮೊದಲೇ ಎದ್ದು ಆಚೆಯ ಅರ್ಧದಲ್ಲಿ ಓಡುವವಳನ್ನು ಮುಟ್ಟಿಬಿಡುತ್ತಾಳೆ. ಆಚೆಯ ಪಂಚ ಔಟಿನ ಸಣ್ಣ ಸೀಟಿ ಊದಿದ್ದಾನೆ. ನೀನೇನು ಮಾಡುತ್ತೀ? ಹೆಚ್ಚಿನವರು, ಅದು ಅವನ ಅರ್ಧ, ನಾನು ಸುಮ್ಮನಿರುತ್ತೇನೆ ಎನ್ನುತ್ತಾರೆ. ಕೆಲವರು, ಖೋ ಕೊಟ್ಟದ್ದು ನನ್ನ ಅರ್ಧದಲ್ಲಿ, ನಾನೇ ಫೌಲ್ ಊದುತ್ತೇನೆ ಎನ್ನುತ್ತಾರೆ. ಹಿರಿಯರು ನನಗೆ ಹೇಳಿದ ಉತ್ತರ ಹೀಗಿತ್ತು: ಮುಟ್ಟಿದ್ದನ್ನು ಅವನು ಕಂಡಿದ್ದಾನೆ, ಅದರಲ್ಲಿ ನಿನಗೆ ಮಾತಿಲ್ಲ. ಕೈ ಬೆನ್ನಿಗೆ ತಾಗುವ ಮೊದಲೇ ಬೆನ್ನು ದೂರವಾದದ್ದನ್ನು ನೀನು ಕಂಡಿದ್ದೀಯ, ಅವನಿಗೆ ಮಂಡಿ ಕಂಡೀತು, ಬೆನ್ನ ಹಿಂದಿನ ಕೈ ಕಾಣುವಂತೆಯೇ ಇರಲಿಲ್ಲ. ಹಾಗಾಗಿ ಊದು, ನಿಲ್ಲಿಸದೆ ಊದು. ಅವನು ಒಪ್ಪಿದರೆ ಔಟ್ ರದ್ದು. ಒಪ್ಪದಿದ್ದರೆ ಇಬ್ಬರೂ ಸರಪಂಚನ ಹತ್ತಿರ ನಡೆಯಿರಿ, ಓಡುವವಳು ಅಷ್ಟು ಹೊತ್ತು ಅಂಗಳದಲ್ಲೇ ನಿಂತಿರಲಿ.